ವರ್ಲ್ಡ್‌ಸ್ಪೇಸ್ ರೇಡಿಯೋ ಮತ್ತ ಹತ್ತಬೇಕಂದ್ರ ಬೇವಿನ ಟೊಂಗಿ ಕಡೀಬೇಕೇನ್ರಿ?

ಜಮಖಂಡಿ_ಕಬ್ಬು:
ನಮಸ್ಕಾರ್ರಿ ಎಲ್ಲಾರಿಗೂ. ಪ್ರಶ್ನೆ ಸಣ್ಣದೈತಿ, ಮನ್ಯಾಗಿನ ಜಗಳ ದೊಡ್ಡದೈತಿ.

ನಮ್ಮ ಅಪ್ಪಾರದು ಒಂದು ಹಿಟಾಚಿ ಸೆಟ್ ಐತಿ. ಎಎಂ, ಎಫ್‌ಎಂ, ಶಾರ್ಟ್‌ವೇವ್ ಎಲ್ಲಾ ಹಿಡೀತೈತಿ, ಮ್ಯಾಲ ವರ್ಲ್ಡ್‌ಸ್ಪೇಸ್ ಅನ್ನೂ ಸ್ಯಾಟಲೈಟ್ ರೇಡಿಯೋ ಬ್ಯಾರೆ. ಡಬ್ಬಿ ಮುಚ್ಚಳದಂಥಾ ಚೌಕ ಆಂಟೆನಾ, ಬಿಚ್ಚಿ ವಾಯರ್ ಹಚ್ಚಿ ದೂರ ಇಡಬಹುದು. 2003ರಾಗ ಬೆಳಗಾವಿಯಿಂದ ತಂದಿದ್ರು. ಮುಂಜಾನೆ ಮೀಡಿಯಂ ವೇವ್ 765ಕ್ಕ ಧಾರವಾಡ ಆಕಾಶವಾಣಿ, ರಾತ್ರಿ ಊಟ ಆದಮ್ಯಾಲ ವರ್ಲ್ಡ್‌ಸ್ಪೇಸಿನ ಗಾಂಧರ್ವ ಚಾನಲ್. "ನಮ್ಮ ಸುಳೇಭಾವಿ ಕುಮಾರ ಗಂಧರ್ವರ ಹೆಸರ ಇಟ್ಟಾರ ನೋಡ್ರಿ" ಅಂತ ಬಂದವರಿಗೆಲ್ಲಾ ಹೇಳೂದು. ಅದು ಅವರದ ಶೋಧ, ಮತ್ಯಾರೂ ಹೌದಂದಿದ್ದು ನಾ ಕೇಳಿಲ್ಲ. ಕನ್ನಡದ ಸ್ಪರ್ಶ ಚಾನಲ್ ಅವ್ವನ ಪಾಲಿಂದು.

ಆಂಟೆನಾ ಹಚ್ಚೂ ಕೆಲಸ ನಂದು. ನಾ ಮಾಳಗಿ ಮ್ಯಾಲ ಇಟ್ಟಂಗಿ ಒರಗಿಸಿ ಅದನ್ನ ಒಂದೊಂದ ಬೆರಳ ಸರಿಸೂದು, ಅಪ್ಪಾರು ಕೆಳಗಿಂದ "ಎರಡ ಕಡ್ಡಿ... ಮೂರ ಕಡ್ಡಿ... ಏ, ಹೋತಲೇ!" ಅಂತ ಒದರೂದು. ಬೇವಿನ ಗಿಡ ಬೆಳದಂಗ ಸಿಗ್ನಲ್ಲಿನ ಕಡ್ಡಿ ಕಡಿಮಿ ಆದ್ವು. ಮಳಿ ಆದ ದಿನಾ ಅಂತೂ ಕೇಳಬ್ಯಾಡ್ರಿ. ಕಡೀಕ ಪೂರ್ತಿ ನಿಂತು ಸೆಟ್ ಅಟ್ಟಾ ಸೇರ್ತು.

ಈ ಸಲ ದೀಪಾವಳಿಗೆ ಮನಿ ಕಸಾ ಹೊಡಿಯೂಮುಂದ ಹೊರಗ ಬಂತು. ಒಳಗ ಸೆಲ್ ಸೋರಿ ಸ್ಪ್ರಿಂಗಿಗೆ ಹಸರು ಹತ್ತೇತಿ. ಅಡಾಪ್ಟರ್ ಹಚ್ಚಿದ್ರ ದೀಪ ಬರ್ತೈತಿ, ಸಿಗ್ನಲ್ ಹುಡುಕಕೋತ ಕುಂದರತೈತಿ. ಅಪ್ಪಾರು "ಟೊಂಗಿ ಕಡಿ, ಹತ್ತತೈತಿ" ಅಂತಾರ. ಅವ್ವ "ಗಿಡಾ ಮುಟ್ಟಿ ನೋಡ್ರಿ, ಹೇಳ್ತೇನಿ" ಅಂತಾಳ. ನಾ ಕೊಡ್ಲಿ ಹಿಡಕೊಂಡು ನಡುವ ನಿಂತೇನಿ. ಏನ್ ಮಾಡ್ಲ್ರಿ?

ಖಡೇಬಜಾರ್_ಮೇಸ್ತ್ರಿ:
ಅಣ್ಣಾರ, ಮೊದಲ ಕೊಡ್ಲಿ ಕೆಳಗಿಡ್ರಿ.

ವರ್ಲ್ಡ್‌ಸ್ಪೇಸ್ ಭಾರತದಾಗ 2009ರ ಡಿಸೆಂಬರ್ 31ಕ್ಕ ಬಂದ್ ಆತು. ಅದರ ಅಮೆರಿಕಾದ ಕಂಪನಿ 2008ರ ಅಕ್ಟೋಬರದಾಗ ದಿವಾಳಿ ಅರ್ಜಿ ಹಾಕಿತ್ತು. ಇಡೀ ಗಿಡಾ ಕಡದ್ರೂ ಒಂದು ಕಡ್ಡಿನೂ ಬರೂದಿಲ್ಲ.

ಆದ್ರ ನಿಮ್ಮ ಅಪ್ಪಾರು ಹೇಳಿದ್ದು ಸುಳ್ಳಲ್ಲರಿ. ನಮ್ಮ ಕಡೆ ಬರತಿದ್ದದ್ದು ಏಷ್ಯಾಸ್ಟಾರ್ ಉಪಗ್ರಹದಿಂದ, 2000ದ ಮಾರ್ಚದಾಗ ಹಾರಿಸಿದ್ದು. 105 ಡಿಗ್ರಿ ಪೂರ್ವ ರೇಖಾಂಶದ ಮ್ಯಾಲ, 36 ಸಾವಿರ ಕಿಲೋಮೀಟರ್ ಎತ್ತರದಾಗ. ನಮ್ಮೂರಿಂದ ನೋಡಿದ್ರ ಮೂಡಣಕ್ಕ, ತುಸು ತೆಂಕಣಕ್ಕ ಹೊಳ್ಳಿ, ನೆಲಕ್ಕೂ ನೆತ್ತಿಗೂ ಅರ್ಧಕ್ಕಿಂತ ಚೂರ ಮ್ಯಾಲ. ಆ ಎತ್ತರಕ್ಕ ಗಿಡದ ಹಂದರ ಅಡ್ಡ ಬಂದ್ರ ಮುಗೀತು. 1,467ರಿಂದ 1,492 ಮೆಗಾಹರ್ಟ್ಸ್ ತರಂಗಕ್ಕ ನೆಟ್ಟಗ ಆಕಾಶ ಕಾಣಬೇಕು. ಹಸಿ ಎಲಿ ಅದನ್ನ ನುಂಗತೈತಿ. ಆಗ ಗಿರಾಕಿ ಮನಿಗೆ ಹೋದ್ರ ನಾ ಮೊದಲ ಕೇಳತಿದ್ದದ್ದು "ಪೂರ್ವಕ್ಕ ಏನೈತ್ರಿ?"

ಸ್ಪ್ರಿಂಗಿನ ಹಸರಿಗೆ ಪಾಲಿಶ್ ಕಾಗದ ತಗೊಂಡು ತಿಕ್ಕಿ, ಸ್ಪಿರಿಟ್ ಹಚ್ಚಿ ಒರಸ್ರಿ. ಅಡಾಪ್ಟರ್ ಯಾವುದು ಹಚ್ಚೀರಿ? ಸೆಟ್ಟಿನ ಹಿಂದ ಬರದ ವೋಲ್ಟೇಜು, ಪ್ಲಸ್-ಮೈನಸ್ ಚಿತ್ರ ಎರಡೂ ಹೊಂದ್ಯಾವೇನ ನೋಡ್ರಿ. ಸಿಕ್ಕ ಚಾರ್ಜರ್ ತುರುಕಿ ಸುಟ್ಟ ಸೆಟ್ ಭಾಳ ನೋಡೇನಿ.

ಗೋಳಗುಮ್ಮಟ_ಓಣಿ:
ನಮ್ಮ ಅಕ್ಕನ ಮಗಾ ಅಮೆರಿಕಾದಾಗ ಅದಾನ್ರಿ, ಅವನ ಕಾರಿನ್ಯಾಗ ಈಗೂ ಸ್ಯಾಟಲೈಟ್ ರೇಡಿಯೋ ನಡೀತೈತಿ. ಅಲ್ಲಿಂದ ಒಂದು ತರಿಸಿದ್ರ?

ಖಡೇಬಜಾರ್_ಮೇಸ್ತ್ರಿ:
ಅದು ಸಿರಿಯಸ್‌ಎಕ್ಸ್‌ಎಂ ಇರಬೇಕು. ಉತ್ತರ ಅಮೆರಿಕಾಕ್ಕಷ್ಟ. ತರಂಗನೂ ಬ್ಯಾರೆ, 2.3 ಗಿಗಾಹರ್ಟ್ಸ್ ಹತ್ರ. ವಿಜಯಪುರಕ್ಕ ತಂದ್ರ ಪೇಪರ್ ಮ್ಯಾಲ ಇಡಾಕ ಒಂದು ತೂಕ ಆತು ನೋಡ್ರಿ.

ಇಳಕಲ್_ದಡಿ:
ಕಾಕಾರಿಗೆ ಬೇಕಾಗಿದ್ದು ಶಾಸ್ತ್ರೀಯ ಸಂಗೀತ ಹೌದಲ್ರಿ? ಆಕಾಶವಾಣಿ 2016ರ ಜನವರಿ 26ಕ್ಕ ರಾಗಂ ಅಂತ ಚಾನಲ್ ಸುರು ಮಾಡ್ತು, ಇಪ್ಪತ್ನಾಲ್ಕು ತಾಸೂ ಅದ. ಮೊಬೈಲಿನ ನ್ಯೂಸ್‌ಆನ್‌ಏರ್ ಆ್ಯಪಿನ್ಯಾಗ ಹುಡುಕ್ರಿ.

ಮೊಬೈಲ್ ದನಿ ಕಾಕಾರಿಗೆ ಸೇರೂದಿಲ್ಲಂದ್ರ ಕಾರಿಗೆ ಹಾಕ್ತಾರಲ್ರಿ, ಸಣ್ಣ ಎಫ್‌ಎಂ ಟ್ರಾನ್ಸ್‌ಮೀಟರ್, ಅದನ್ನ ತರ್ರಿ. ಮೊಬೈಲಿನ ಹಾಡ ಅದು ಎಫ್‌ಎಂನ್ಯಾಗ ಬಿಡತೈತಿ, ನಿಮ್ಮ ಹಿಟಾಚಿ ಹಿಡೀತೈತಿ. ಯಾವ ಸ್ಟೇಷನ್ನೂ ಇಲ್ಲದ ಜಾಗಾ ನೋಡಿ ಟ್ಯೂನ್ ಮಾಡ್ರಿ. ಆದ್ರ ಅದಕ್ಕ 12 ವೋಲ್ಟ್ ಬೇಕು.

ಜಮಖಂಡಿ_ಕಬ್ಬು:
ಎಲ್ಲಾರಿಗೂ ಶರಣ್ರಿ. ಟ್ರಾನ್ಸ್‌ಮೀಟರ್ ನಮ್ಮ ಬೊಲೆರೋದಾಗ ಮೊದಲ ಇತ್ತು, ಗಾಡಿ ಕಿಟಕಿ ಹತ್ರ ತಂದು ನಿಲ್ಲಿಸಿದೆ. ಮೊದಲಿಗೆ ಬರೇ ಸರ್ ಅಂತಿತ್ತು. ಟ್ಯೂನ್ ಮಾಡಿದಮ್ಯಾಲ ತಂಬೂರಿ ಬಂತು, ಹಿಂದ ಆಲಾಪ. ಅಪ್ಪಾರು ಸ್ಪೀಕರಿಗೆ ಕಿವಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು "ಪೂರಿಯಾ" ಅಂದ್ರು. ಖರೇನೋ ಸುಳ್ಳೋ ನನಗೇನ ತಿಳೀತೈತಿ.

ಮೇಸ್ತ್ರಿಯವರು ಬರದದ್ದು ಓದಿ ಹೇಳಿದೆ. "2009ಕ್ಕ ಬಂದ್ ಆಗೇತೇನು? ಹಂಗಾರ ಇಷ್ಟ ವರ್ಷ ಆ ಗಿಡಕ್ಕ ಸುಮ್ಮಸುಮ್ಮನ ಬೈದೆ" ಅಂದ್ರು. ಅವ್ವ ಒಳಗಿಂದ "ಗಿಡಕ್ಕಷ್ಟ ಏನು?" ಅಂದ್ಲು.

ಟೊಂಗಿ ಉಳೀತು. ಸ್ಯಾಟಲೈಟಿನ ಆಂಟೆನಾ ಮಾತ್ರ ಬಿಚ್ಚಾಕ ಕೊಡವಲ್ಲರು, ಮುಖಾ ಮೂಡಣಕ್ಕ ಮಾಡಿ ಕಿಟಕ್ಯಾಗ ಇಟ್ಟಾರ. ಮೇಸ್ತ್ರಿಯವರ, ಬ್ಯಾಟರಿ ಇಳಿದು ಮುಂಜಾನೆ ಬೊಲೆರೋ ಸ್ಟಾರ್ಟ್ ಆಗಲಿಲ್ಲ. ಮನಿ ಕರೆಂಟಿಗೆ ಹಚ್ಚೂ 12 ವೋಲ್ಟಿನ ಸಾಕೆಟ್ ನಿಮ್ಮಲ್ಲಿ ಸಿಗತೈತೇನ್ರಿ?