ತಮ್ಮನಿಗೆ ಲಿಥಿಯಂ ಶುರು ಮಾಡಬೇಕಂತೆ, ತೆಗೆದುಕೊಂಡವರು ಅನುಭವ ಹೇಳಿ

ದಾವಣಗೆರೆ ಅಕ್ಕ:
ನನ್ನ ತಮ್ಮನಿಗೆ 26 ವರ್ಷ. ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಏರಿ, ಒಮ್ಮೆ ತೀರಾ ಕುಸಿಯುವ ಕಾಯಿಲೆ) ಅಂತ ಗೊತ್ತಾಗಿ ಮೂರು ವರ್ಷ ಆಯ್ತು. ಅದಕ್ಕೆ ಕೊಟ್ಟ ಓಲಾಂಜಪಿನ್‌ನಲ್ಲಿ 17 ಕೆ.ಜಿ. ಏರಿದ, ಸಕ್ಕರೆ ಬೇರೆ ಶುರುವಾಯ್ತು. ವ್ಯಾಲ್‌ಪ್ರೊಯೇಟ್ ಮಾತ್ರೆ ನಡೆಯುತ್ತಿರುವಾಗಲೇ ಈ ಮಾರ್ಚ್‌ನಲ್ಲಿ ಮತ್ತೆ ಮೇನಿಯಾ ಬಂತು, ಅಂದರೆ ಮನಸ್ಸು ಮಿತಿ ಮೀರಿ ಏರಿತು. ಈಗ ಡಾಕ್ಟರ್, ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಹಾಕೋಣ ಅನ್ನುತ್ತಿದ್ದಾರೆ. ಕಿಡ್ನಿ ಹೋಗುತ್ತೆ ಅಂತ ಅಪ್ಪ ಒಪ್ಪುತ್ತಿಲ್ಲ. ತಮ್ಮ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ, ತಗಡಿನ ಶೆಡ್, ದಿನವೆಲ್ಲಾ ಬೆವರು. ಅನುಭವ ಇರುವವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯವ:
ಅಕ್ಕಾ, ನಾನು 2013ರಿಂದ ಲಿಥಿಯಂ ಮೇಲಿದ್ದೇನೆ. ದಿನಕ್ಕೆ 900 ಮಿ.ಗ್ರಾಂ. ಅದಕ್ಕೆ ಮೊದಲು ನಾಲ್ಕು ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿದ್ದೆ. ಆಮೇಲೆ ಕಾಯಿಲೆ ಅಂತ ಒಂದು ಸಲವೂ ಸೇರಿಲ್ಲ. ಇದೇನು ಹೊಸ ಪ್ರಯೋಗ ಅಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ 1949ರಲ್ಲೇ ಮೇನಿಯಾಕ್ಕೆ ಇದನ್ನು ಕೊಟ್ಟು ಬರೆದಿಟ್ಟರು.

ಆದರೆ ಮದ್ದಿನಿಂದಲೇ ಒಂದು ಸಲ ಆಸ್ಪತ್ರೆ ಸೇರಿದೆ. 2019ರ ಆಗಸ್ಟ್. ದವಡೆ ಹಲ್ಲು ನೋವು. ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಡೈಕ್ಲೋಫೆನಾಕ್ ಕೊಟ್ಟರು. ಆರು ದಿನ, ದಿನಕ್ಕೆ ಎರಡು ನುಂಗಿದೆ. ನಾಲ್ಕನೇ ದಿನ ಭೇದಿ. ಐದನೇ ದಿನ ಟೀ ಲೋಟ ಹಿಡಿಯಲು ಆಗದಷ್ಟು ಕೈ ನಡುಕ. ಆರನೇ ದಿನ ಮಾತು ತೊದಲಿತು, ನಡೆದರೆ ಓಲಾಟ. ನಮ್ಮ ಓಣಿಯವರು ಕುಡಿದಿದ್ದಾನೆ ಅಂದುಕೊಂಡರು. ರಾತ್ರಿ ರಕ್ತ ಕೊಟ್ಟಾಗ ಅದರಲ್ಲಿ ಲಿಥಿಯಂ ಲೆವೆಲ್ 2.1. ನನ್ನದು ಯಾವಾಗಲೂ 0.7 ಇರುತ್ತಿತ್ತು. ಐಸಿಯುನಲ್ಲಿ ಮೂರು ದಿನ, ಬಾಟಲಿ ಮೇಲೆ ಬಾಟಲಿ ಸಲೈನ್. ಬಿಲ್ಲು 48,600 ರೂಪಾಯಿ. ಆ ನೋವಿನ ಮಾತ್ರೆ ಇದ್ದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಹಾಕುವುದಿಲ್ಲವಂತೆ. ಆರು ವರ್ಷ ಮಾತ್ರೆ ತಿಂದಿದ್ದೆ, ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ. ಈಗ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ಆರು ತಿಂಗಳಿಗೊಮ್ಮೆ ಲೆವೆಲ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್ ಮಾಡಿಸುತ್ತೇನೆ, ಮೂರಕ್ಕೂ ಸೇರಿ ಸುಮಾರು 1,100 ಆಗುತ್ತೆ. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಬೇಕು. ಒಂದು ಸಲ ಮಾತ್ರೆ ತಿಂದು ಹೋಗಿ ಲೆವೆಲ್ ಸುಳ್ಳು ಬಂತು, 450 ರೂಪಾಯಿ ದಂಡ.

ತುಮಕೂರು ಮೆಡಿಕಲ್ಸ್:
ನಾನು 14 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಹಲ್ಲು ನೋವು ಅಂತ ಬಂದವರು ಲಿಥಿಯಂ ವಿಷಯ ಬಾಯಿಯೇ ಬಿಡದಿದ್ದರೆ ನಮಗೆ ಗೊತ್ತಾಗುವುದು ಹೇಗೆ? ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ನಾಚಿಕೆ. ಆಮೇಲೆ ಅಂಗಡಿಯವನ ತಪ್ಪು.

ನನ್ನ ಅಣ್ಣ ಕ್ಲೋಜಪಿನ್ ಮೇಲಿದ್ದಾನೆ. ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ. ಆ ಮಾತ್ರೆಗೆ ಬಿಳಿ ರಕ್ತಕಣ ಇಳಿಯಬಹುದು ಅಂತ ಮೊದಲ 18 ವಾರ, ವಾರಕ್ಕೊಂದು ಸಲ ಎಣಿಸಬೇಕು. ಸಲಕ್ಕೆ 180ರಂತೆ 3,240 ಆಯ್ತು, ಬಸ್ ಚಾರ್ಜ್ ಬೇರೆ. ರಾತ್ರಿ ಬಾಯಿಂದ ಜೊಲ್ಲು ಸುರಿದು ದಿಂಬು ನೆನೆಯುತ್ತದೆ, ಅಮ್ಮ ದಿನಾ ಎರಡು ದಿಂಬಿನ ಕವರ್ ಒಗೆಯುತ್ತಾರೆ. ಮಲಬದ್ಧತೆ ಎಷ್ಟು ಕೆಟ್ಟದ್ದು ಅಂತ ಅನುಭವಿಸಿದವರಿಗೇ ಗೊತ್ತು, ಒಂದು ಸಲ ಎಂಟು ದಿನ ಹೋಗಲಿಲ್ಲ, ಹೊಟ್ಟೆ ಕಲ್ಲಾಗಿ ತುರ್ತು ವಿಭಾಗಕ್ಕೆ ಓಡಿದೆವು. ಆದರೂ ಹತ್ತು ವರ್ಷದಲ್ಲಿ ಮೊದಲ ಸಲ ಅಣ್ಣ ಅಂಗಡಿಗೆ ಬಂದು ಬಿಲ್ ಬರೆಯುತ್ತಿದ್ದಾನೆ.

ಹುಬ್ಬಳ್ಳಿಯವ:
ನಿಮ್ಮನ್ನು ಬೈದಿಲ್ಲ ಸರ್. ಆದರೆ ಆ ಅಂಗಡಿಯಿಂದಲೇ ನಾನು ಪ್ರತಿ ತಿಂಗಳು ಲಿಥಿಯಂ ತರುತ್ತಿದ್ದೆ. ಅವರಿಗೆ ಗೊತ್ತಿತ್ತು.

ಮೈಸೂರು ಅಮ್ಮ:
ನನ್ನ ಮಗಳಿಗೆ 19ಕ್ಕೆ ವ್ಯಾಲ್‌ಪ್ರೊಯೇಟ್ ಶುರು ಮಾಡಿದರು. ನಾಲ್ಕು ವರ್ಷ ಕೊಟ್ಟೆವು. ಬಾಚಣಿಗೆ ತುಂಬಾ ಕೂದಲು. 54 ಇದ್ದವಳು 71 ಕೆ.ಜಿ. ಮುಟ್ಟು ಮೂರು ತಿಂಗಳಿಗೊಮ್ಮೆ. ಸ್ತ್ರೀರೋಗ ಡಾಕ್ಟರ್ ಸ್ಕ್ಯಾನ್ ಮಾಡಿ ಅಂಡಾಶಯದಲ್ಲಿ ನೀರುಗುಳ್ಳೆ ಅಂದರು. ಮದುವೆ ಮಾತು ಬಂದಾಗ ನಾನೇ ಹೋಗಿ ಕೇಳಿದೆ. ಆಗ ಹೇಳಿದರು, ಈ ಮಾತ್ರೆ ಮೇಲೆ ಬಸಿರಾದರೆ ಮಗುವಿಗೆ ಅಪಾಯ, ಬದಲಾಯಿಸಬೇಕು ಅಂತ. ಹತ್ತೊಂಬತ್ತರ ಹುಡುಗಿಗೆ ಕೊಡುವಾಗಲೇ ಈ ಮಾತು ಹೇಳಬೇಕಿತ್ತು ಅಲ್ವಾ? ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಲ್ಯಾಮೊಟ್ರಿಜಿನ್‌ಗೆ ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯಿತು. ಮೈಮೇಲೆ ಗುಳ್ಳೆ ಏಳಬಹುದು ಅಂತ ಚೂರು ಚೂರೇ ಏರಿಸುತ್ತಾರೆ. ದಿನಾ ರಾತ್ರಿ ಟಾರ್ಚ್ ಹಿಡಿದು ಅವಳ ಬೆನ್ನು ನೋಡುತ್ತಿದ್ದೆ.

ಲಿಥಿಯಂ ಬೇಡ ಅನ್ನುವುದಿಲ್ಲ. ಉಪ್ಪು ಮಾತ್ರ ಪೂರ್ತಿ ಕಮ್ಮಿ ಮಾಡಿ, ಕಿಡ್ನಿಗೆ ಒಳ್ಳೆಯದು.

ಹುಬ್ಬಳ್ಳಿಯವ:
ಅಮ್ಮಾ, ದಯವಿಟ್ಟು ಹಾಗೆ ಬರೆಯಬೇಡಿ. ಲಿಥಿಯಂ ತಿನ್ನುವವನು ಒಮ್ಮೆಲೇ ಉಪ್ಪು ಬಿಟ್ಟರೆ ಲೆವೆಲ್ ಏರುತ್ತದೆ. ದಿನಾ ತಿನ್ನುವಷ್ಟೇ ತಿನ್ನಬೇಕು. ಇದನ್ನು ಓದಿ ಯಾರಾದರೂ ಐಸಿಯು ಸೇರುತ್ತಾರೆ.

ಮೈಸೂರು ಅಮ್ಮ:
ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಅಷ್ಟು ಜೋರು ಮಾಡಬೇಕಿಲ್ಲ.

ಬೆಂಗಳೂರು, ಈಗ ಮಾತ್ರೆ ಇಲ್ಲ:
ಯಾಕೆ ಎಲ್ಲರೂ ವರ್ಷಗಟ್ಟಲೆ ಮಾತ್ರೆ ತಿನ್ನುವ ಮಾತೇ ಆಡುತ್ತೀರಿ? ನಾನು ಡಿಪ್ರೆಶನ್ನಿಗೆ ಕೊಟ್ಟ ಎಸ್ಸಿಟಾಲೊಪ್ರಾಮ್ ಮಾತ್ರೆ ಬಿಟ್ಟು ಎರಡು ವರ್ಷ ಆಯ್ತು. ಮೊದಲು ನಾನೇ ಥಟ್ಟನೆ ನಿಲ್ಲಿಸಿದೆ. ಮೂರನೇ ದಿನ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ತಲೆಸುತ್ತು, ಸುಮ್ನೆ ಕೂತಲ್ಲೇ ಅಳು. ಮತ್ತೆ ಶುರು ಮಾಡಿ, ಡಾಕ್ಟರ್ ಹೇಳಿದಂತೆ 10 ಮಿ.ಗ್ರಾಂ. ಇದ್ದದ್ದು 5, 5ರಿಂದ 2.5, ಎಂಟು ತಿಂಗಳಲ್ಲಿ ಬಿಟ್ಟೆ. ಜೊತೆಗೆ ಕೌನ್ಸೆಲಿಂಗ್ 31 ಸಲ, ಸಲಕ್ಕೆ 1,200. ಲೆಕ್ಕ ಹಾಕಿ, 37,200. ಕೊಟ್ಟಿದ್ದಕ್ಕೆ ಬೇಸರ ಇಲ್ಲ. ಮನಸ್ಸು ಮಾಡಿದರೆ ಆಗುತ್ತದೆ.

ಹಾಸನದ ಮೇಷ್ಟ್ರು:
ನಿಮ್ಮದು ಡಿಪ್ರೆಶನ್. ಆ ಹುಡುಗನದು ಬೈಪೋಲಾರ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಈ "ಮನಸ್ಸು ಮಾಡಿದರೆ" ಅನ್ನುವ ಮಾತಿಗೆ ನಾನು ಕೊಟ್ಟ ಬೆಲೆ ಹೇಳುತ್ತೇನೆ.

ನನ್ನ ಹೆಂಡತಿಗೆ ಬೈಪೋಲಾರ್ ಇತ್ತು. ಅವರ ಮನೆಯವರು ನನಗೆ ಹೇಳಲಿಲ್ಲ. ಮದುವೆ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಅಂತ ಮಾತ್ರೆಯನ್ನೇ ನಿಲ್ಲಿಸಿದ್ದರು. ಮದುವೆಯಾಗಿ 40 ದಿನಕ್ಕೆ ನಿದ್ದೆ ಹೋಯಿತು. ನಾಲ್ಕು ರಾತ್ರಿ ಮನೆ ತೊಳೆದಳು. ಬಳೆ ಅಡವಿಟ್ಟು 22 ಸೀರೆ ತಂದು ಬೀದಿಯಲ್ಲಿ ಹಂಚಿದಳು. ನನಗೆ ಏನಾಗುತ್ತಿದೆ ಅಂತಲೇ ಗೊತ್ತಿಲ್ಲ, ಪೂಜೆ ಮಾಡಿಸಿದೆ. ಕೊನೆಗೆ ಆಸ್ಪತ್ರೆಯಲ್ಲಿ 23 ದಿನ, 6 ಸಲ ಇಸಿಟಿ, ಅಂದರೆ ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ. ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಆದರೆ ಆ ವಾರಗಳ ನೆನಪು ಅವಳಿಗೆ ಇಲ್ಲ. ತಮ್ಮನ ಗೃಹಪ್ರವೇಶದ ಫೋಟೋದಲ್ಲಿ ತಾನೇ ಇರುವುದನ್ನು ನೋಡಿ ಅಳುತ್ತಾಳೆ. ಈಗ ಲಿಥಿಯಂ ಮೇಲೆ ಐದು ವರ್ಷ ಚೆನ್ನಾಗಿದ್ದಾಳೆ. ಥೈರಾಯ್ಡ್ ಬಂತು, ಅದಕ್ಕೂ ಬೆಳಗ್ಗೆ ಒಂದು ಮಾತ್ರೆ.

ಬೆಂಗಳೂರು, ಈಗ ಮಾತ್ರೆ ಇಲ್ಲ:
ಡಿಪ್ರೆಶನ್ ಅಂದರೆ ಸಣ್ಣ ಕಾಯಿಲೆ ಅಂದುಕೊಂಡಿದ್ದೀರಾ? ನಾನು ಟೆರೇಸಿನ ಅಂಚಿಗೆ ಹೋಗಿ ಬಂದವಳು. ಅವತ್ತು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ 50 ನಿಮಿಷ ಮಾತಾಡಿದೆ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಕಷ್ಟ ದೊಡ್ಡದು ಅಂತ ನನ್ನದನ್ನು ಅಳೆಯಬೇಡಿ.

ಹಾಸನದ ಮೇಷ್ಟ್ರು:
ತಪ್ಪಾಯಿತು ತಾಯಿ. ನಿಮ್ಮ ಕಷ್ಟ ಸಣ್ಣದು ಅಂತ ನಾನು ಹೇಳಲಿಲ್ಲ. ಬೈಪೋಲಾರ್ ಇರುವವರು ನಿಮ್ಮ ಮಾತು ಓದಿ ಮಾತ್ರೆ ಬಿಡಬಾರದು, ಅಷ್ಟೇ.

ಮೈಸೂರು ಅಮ್ಮ:
ಮೇಷ್ಟ್ರೇ, ನಿಮ್ಮ ಹೆಂಡತಿಯ ತಾಯಿಯ ಜಾಗದಲ್ಲಿ ನಿಂತು ನೋಡಿ. ನಾವು ಸಂಬಂಧ ಕೇಳಿ ಬಂದ ಎರಡು ಕಡೆ ನಿಜ ಹೇಳಿದೆವು. ಒಬ್ಬರು ಕಾಫಿ ಲೋಟ ಅಲ್ಲೇ ಇಟ್ಟು ಎದ್ದರು. ಇನ್ನೊಬ್ಬರು ನಮ್ಮ ನೆಂಟರಿಗೆಲ್ಲ ಹೇಳಿಬಿಟ್ಟರು, ಮಗಳು ಆರು ತಿಂಗಳು ಯಾವ ಮನೆಗೂ ಹೋಗಲಿಲ್ಲ. ಮೂರನೆಯವರಿಗೆ ನಾನು ಹೇಳುವುದಿಲ್ಲ.

ಹಾಸನದ ಮೇಷ್ಟ್ರು:
ಹೇಳದಿದ್ದರೆ ಆ ಹುಡುಗ ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಒಬ್ಬನೇ ನಿಂತಿರುತ್ತಾನೆ. ನಾನು ನಿಂತಿದ್ದೆ. ಹೆಸರು ಇರುವ ಕಡೆ ಹರಿದಿದ್ದರು. ಹೇಳಿದ್ದರೂ ನಾನು ಅವಳನ್ನೇ ಮದುವೆ ಆಗುತ್ತಿದ್ದೆ. ಆ ಅವಕಾಶ ನನಗೆ ಕೊಡಲಿಲ್ಲ.

ತುಮಕೂರು ಮೆಡಿಕಲ್ಸ್:
ಹೆಸರು ಹರಿದು ಕೊಡಿ ಅಂತ ನಮ್ಮ ಅಂಗಡಿಗೂ ಬರುತ್ತಾರೆ. ನಾನು ಕೊಡುವುದಿಲ್ಲ. ಗಿರಾಕಿ ಹೋದರೂ ಪರವಾಗಿಲ್ಲ.

ದಾವಣಗೆರೆ ಅಕ್ಕ:
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಒಂದು ಮಾತು ಮಾತ್ರ ಯಾರೂ ಹೇಳಲಿಲ್ಲ. ತಮ್ಮ ಶೆಡ್ಡಿನಲ್ಲಿ ಬೆವರುತ್ತಾನಲ್ಲ, ಅದಕ್ಕೆ ಏನು ಮಾಡುವುದು?

ಹುಬ್ಬಳ್ಳಿಯವ:
ಕ್ಷಮಿಸಿ ಅಕ್ಕ, ಅದನ್ನೇ ಮೊದಲು ಹೇಳಬೇಕಿತ್ತು. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋದರೆ ಲೆವೆಲ್ ಏರುತ್ತದೆ. ನಾನು ಏಪ್ರಿಲ್, ಮೇ ತಿಂಗಳಲ್ಲಿ ಎರಡು ಲೀಟರ್ ಬಾಟಲಿ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ. ವಾಂತಿ ಭೇದಿ ಆದರೆ ಅವತ್ತೇ ಡಾಕ್ಟರಿಗೆ ಫೋನ್, ಮುಂದಿನ ಮಾತ್ರೆ ಅವರನ್ನು ಕೇಳಿಯೇ. ಶೆಡ್ಡಿನ ವಿಷಯ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ. ಲೆವೆಲ್ ಬೇಸಿಗೆಯಲ್ಲೂ ಒಮ್ಮೆ ಮಾಡಿಸಿ.

ಮೈಸೂರು ಅಮ್ಮ:
ಮೇಷ್ಟ್ರೇ, ಮುಂದಿನ ಭಾನುವಾರ ಒಂದು ಮನೆಯವರು ಬರುತ್ತಿದ್ದಾರೆ. ರಾತ್ರಿಯೆಲ್ಲಾ ನಿಮ್ಮ ಅಡುಗೆಮನೆಯೇ ಕಣ್ಣಿಗೆ ಬಂತು. ಹುಡುಗನಿಗೆ ಮೊದಲು ಹೇಳುವುದಾ, ಅವರ ತಾಯಿಗಾ?