ಕೆಲಸ ಬಿಡೋ ಮುಂಚೆ ಅಡ್ಮಿನ್ ಜವಾಬ್ದಾರಿ ಒಪ್ಪಿಸೋದು ಹೇಗೆ? ಅನುಭವ ಇರೋರು ಹೇಳಿ

ಕೇಳಿದವರು, ಮೈಸೂರು

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಆರು ವರ್ಷದಿಂದ ಇದೀನಿ. ಸೇರಿದ್ದು ಆಫೀಸ್ ಅಸಿಸ್ಟೆಂಟ್ ಅಂತ, ಆದ್ರೆ ನಿಂಗೆ ಕಂಪ್ಯೂಟರ್ ಬರುತ್ತಲ್ಲ ನೀನೇ ನೋಡ್ಕೊ ಅಂತ ಒಂದೊಂದಾಗಿ ಎಲ್ಲಾ ನನ್ನ ಹತ್ರಾನೇ ಬಂತು. ಈಗ ಗೂಗಲ್ ವರ್ಕ್‌ಸ್ಪೇಸ್‌ಗೆ (ಸಂಸ್ಥೆಯ ಮೇಲ್, ಡ್ರೈವ್ ಎಲ್ಲಾ ಇರೋದು ಅದರಲ್ಲೇ) ಸೂಪರ್ ಅಡ್ಮಿನ್, ಅಂದ್ರೆ ಪೂರ್ತಿ ಅಧಿಕಾರ ಇರೋದು, ನಾನೊಬ್ಳೇ, 40 ಮೇಲ್ ಐಡಿ ಇದೆ, ಡೊಮೇನ್ (ವೆಬ್‌ಸೈಟ್ ವಿಳಾಸ) ರಿನ್ಯೂ ಮಾಡೋದು ನಾನು, ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿ ಲೈಸೆನ್ಸ್ ಇರೋದು ನನ್ನ ಮೇಲಲ್ಲಿ, ಪೇರೆಂಟ್ಸ್‌ಗೆ ಫೀಸ್ ಎಸ್ಸೆಮ್ಮೆಸ್ ಕಳಿಸೋಕೆ ಮೆಸೇಜ್ ಟೆಂಪ್ಲೇಟ್ ನೋಂದಾಯಿಸೋ ಡಿಎಲ್‌ಟಿ ಪೋರ್ಟಲ್ ಇದೆಯಲ್ಲ ಅದರ ಓಟಿಪಿ ಬರೋದೂ ನನ್ನ ನಂಬರ್‌ಗೇ. ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಇಲ್ಲಿ ಇನ್ನು 26 ದಿನ. ನಮ್ಮ ಸರ್ ತುಂಬಾ ಒಳ್ಳೆಯವ್ರು, "ಪಾಸ್‌ವರ್ಡ್ ಎಲ್ಲಾ ಒಂದು ಎಕ್ಸೆಲ್ ಶೀಟಲ್ಲಿ ಹಾಕಿಟ್ಟು ಹೋಗಮ್ಮ, ಸಾಕು" ಅಂದ್ರು. ನಿಜವಾಗ್ಲೂ ಸಾಕಾ? ನನ್ನ ಕೆಲಸ ವಹಿಸ್ಕೊಳ್ಳೋದು ಅಕೌಂಟ್ಸ್ ನೋಡೋ ಹುಡುಗಿ, ಪಾಪ ಅವಳಿಗೆ ಇದೆಲ್ಲಾ ಹೊಸದು, ಈಗ್ಲೇ ಹೆದರ್ಕೊಂಡಿದಾಳೆ. ನಾನು ಹೋದ್ಮೇಲೆ ಅವಳು ಒದ್ದಾಡಬಾರದು, ಅಷ್ಟೇ ನಂಗೆ ಬೇಕಿರೋದು.

ತುಮಕೂರಿಂದ

ಸಾಕಾಗಲ್ಲ ಮೇಡಂ. ನಾನೂ ಶೀಟ್ ಕೊಟ್ಟೇ ಹೊರಟಿದ್ದು, ನೀಟಾಗಿ ಬಣ್ಣ ಎಲ್ಲ ಹಾಕಿ. ಬಿಟ್ಟು ಏಳು ತಿಂಗಳಾಗಿತ್ತು, ನನ್ನ ತಂಗಿ ಮದುವೆ, ಧಾರೆ ಶುರುವಾಗೋ ಹೊತ್ತು, ಜೇಬಲ್ಲಿ ಫೋನ್ ಬಡ್ಕೊಳ್ತಾನೇ ಇತ್ತು, ನೋಡಿದ್ರೆ ಹಳೇ ಆಫೀಸು. ಅವತ್ತು 20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಹಾಕೋಕೆ ಕೊನೇ ದಿನ, ಪೋರ್ಟಲಲ್ಲಿ ಮುಖ್ಯ ಸಹಿದಾರರ ಮೊಬೈಲ್ ಅಂತ ನನ್ನ ನಂಬರ್ರೇ ಉಳಿದಿತ್ತು, ಓಟಿಪಿ ನಂಗೆ ಬಂದಿತ್ತು. ವಾಲಗದ ಸದ್ದಲ್ಲಿ ಏನೂ ಕೇಳಿಸ್ದೆ ಛತ್ರದ ಹಿಂದೆ ಅಡುಗೆ ಭಟ್ರ ಒಲೆ ಪಕ್ಕ ಹೋಗಿ ನಿಂತು ಆರು ಅಂಕಿ ಕೂಗಿ ಹೇಳ್ದೆ, ಆ ಕಡೆಯವ್ರು ಒಂದು ಅಂಕಿ ತಪ್ಪು ಹೊಡೆದ್ರು, ಮತ್ತೆ ಕಳಿಸಿ ಮತ್ತೆ ಹೇಳಿ... ವಾಪಸ್ ಬರೋಷ್ಟರಲ್ಲಿ ಧಾರೆ ಮುಗಿದಿತ್ತು. ತಂಗಿ ಏನೂ ಅನ್ಲಿಲ್ಲ, ಆದ್ರೆ ಇವತ್ತಿಗೂ ಮದುವೆ ಆಲ್ಬಂ ತೆಗೆದ್ರೆ ಆ ಒಂದು ಫೋಟೋದಲ್ಲಿ ನಾನಿಲ್ಲ.

ಫೋನ್ ಮಾಡಿದವ್ರ ತಪ್ಪೂ ಅಲ್ಲ, ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ, ಅವ್ರು ಇನ್ನೇನು ಮಾಡ್ತಾರೆ. ತಪ್ಪು ನಂದು. ಪಾಸ್‌ವರ್ಡ್ ಕೊಟ್ಟೆ, ಆದ್ರೆ "ಪಾಸ್‌ವರ್ಡ್ ಮರೆತಿದೀನಿ" ಅಂತ ಒತ್ತಿದ್ರೆ ಯಾರ ಫೋನ್‌ಗೆ, ಯಾರ ಮೇಲ್‌ಗೆ ಬರುತ್ತೆ ಅನ್ನೋದನ್ನ ಬದಲಾಯಿಸಿರ್ಲಿಲ್ಲ. ಅದು ಬದಲಾಗೋವರೆಗೂ ಅಡ್ಮಿನ್ ನೀವೇ. ಹಾಗಾಗಿ ಶೀಟಲ್ಲಿ ಪಾಸ್‌ವರ್ಡ್ ಕಾಲಂ ತೆಗೆದುಬಿಡಿ, ಬದಲಿಗೆ ರಿಕವರಿ ನಂಬರ್ ಯಾವುದು, ರಿಕವರಿ ಮೇಲ್ ಯಾವುದು, ಹಣ ಯಾವ ಕಾರ್ಡಿಂದ ಕಟ್ ಆಗುತ್ತೆ ಅಂತ ಬರೀರಿ, ಆ ಮೂರರಲ್ಲಿ ಎಲ್ಲೆಲ್ಲಿ ನಿಮ್ಮ ಹೆಸರಿದೆಯೋ ಅದೇ ನಿಮಗೆ ಬಾಕಿ ಇರೋ ಕೆಲಸ. ಜಿಎಸ್‌ಟಿ ಇದ್ದವ್ರಿಗೆ ಒಂದು ಮಾತು: ನೀವಿರುವಾಗ್ಲೇ ಆದ್ರೆ ಪೋರ್ಟಲಲ್ಲೇ ನಾನ್ ಕೋರ್ ತಿದ್ದುಪಡಿ (ಅಧಿಕಾರಿ ಒಪ್ಪಿಗೆ ಬೇಡದ ಬದಲಾವಣೆ) ಹಾಕಿ ಹೊಸ ಸಹಿದಾರರನ್ನ ಸೇರಿಸಿ ಅವ್ರನ್ನೇ ಮುಖ್ಯ ಮಾಡ್ಬಹುದು, ಕೂತಲ್ಲೇ ಆಗೋ ಕೆಲಸ. ನೀವು ಹೋಗಿ ನಂಬರೂ ಸಿಗದೇ ಇದ್ರೆ ಆಮೇಲೆ ಕಾಗದಪತ್ರ ಹಿಡ್ಕೊಂಡು ಆ ವ್ಯಾಪ್ತಿಯ ಅಧಿಕಾರಿ ಹತ್ರಾನೇ ಹೋಗ್ಬೇಕು.

ಹುಬ್ಬಳ್ಳಿಯಿಂದ

ಅಕ್ಕಾರ, ತುಮಕೂರಿನವರು ಹೇಳಿದ್ದು ಖರೇ ಐತಿ. ನಂದು ಬ್ಯಾರೆ ಕಥಿ. ನಾ ಒಂದ್ ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಇದ್ದೆ, ಯಾವ ಲಾರಿ ಎಲ್ಲೈತಿ, ಯಾರದು ಎಷ್ಟ್ ಬಾಕಿ ಐತಿ ಅಂತ ದಿನಾ ಮುಂಜಾನೆ 7ಕ್ಕ ಗೂಗಲ್ ಶೀಟಿನಿಂದ ಮಾಲಕರಿಗೆ ತಾನ ಮೇಲ್ ಹೋಗೂಹಂಗ ಒಂದ್ ಸ್ಕ್ರಿಪ್ಟ್ ಬರದು, ಹೊತ್ತಿಗೆ ಸರಿಯಾಗಿ ಅದನ್ನ ಓಡಸೂ ಟ್ರಿಗರ್ ಹಚ್ಚಿಟ್ಟಿದ್ದೆ. ನಾ ಬಿಟ್ಟ ಮ್ಯಾಲೆ ಒಂದ್ ಐಡಿದ ರೊಕ್ಕ ಯಾಕ್ ಸುಮ್ನ ಕಟ್ಟೂದು ಅಂತ ನನ್ನ ಐಡಿ ಡಿಲೀಟ್ ಮಾಡಿದ್ರು. ಟ್ರಿಗರ್ ಯಾರ್ ಹಚ್ಚಿರತಾರ ನೋಡ್ರಿ, ಅವರ ಅಕೌಂಟಿನ ಮ್ಯಾಲೇನ ಅದು ಓಡತೈತಿ, ಅಕೌಂಟ್ ಹೋತು, ಅದೂ ನಿಂತ್ತು. ಮಾಲಕರು ಆಗ ಆಪರೇಷನ್ ಆಗಿ ದವಾಖಾನಿಯಾಗಿದ್ರು, ಯಾರೂ ನೋಡಲಿಲ್ಲ. ಅವರು ಮನಿಗೆ ಬಂದು ಮೇಲ್ ಯಾಕ ಬರವಲ್ದು ಅಂತ ನನಗ ಫೋನ್ ಹಚ್ಚಿದಾಗ ಡಿಲೀಟ್ ಆಗಿ 17 ದಿನ ಆಗಿತ್ತು. ವರ್ಕ್‌ಸ್ಪೇಸಿನ್ಯಾಗ ಡಿಲೀಟ್ ಆದ ಐಡಿ ತಿರುಗಿ ತರಾಕ 20 ದಿನ ಅಷ್ಟ ಟೈಮ್. ಇನ್ ಮೂರ್ ದಿನ ತಡಾ ಆಗಿದ್ರ ನನ್ನ ಡ್ರೈವಿನ್ಯಾಗಿದ್ದ ನಾಕ್ ವರ್ಷದ ಬಾಕಿ ಲೆಕ್ಕನೂ ಹೋಗಿಬಿಡತಿತ್ತು, ಯಾಕಂದ್ರ ಡಿಲೀಟ್ ಮಾಡೂ ಮುಂದ ಫೈಲ್ ಬ್ಯಾರೆ ಯಾರ ಹೆಸರಿಗಾದ್ರೂ ವರ್ಗ ಮಾಡ್ತೀರೇನು ಅಂತ ಅದು ಕೇಳಿತ್ತು, ಇವರು ಗೊತ್ತಾಗದ ಹಂಗ ಮುಂದ ಒತ್ತಿದ್ರು.

ಅದಕ್ಕ ನಾ ಹೇಳೂದು ಒಂದ ರೀ. ನೀವು ಹೋದ ಮ್ಯಾಲೆ ನಿಮ್ಮ ಅಕೌಂಟ್ ಬಂದ್ ಮಾಡೂದಲ್ಲ, ನೀವು ಇನ್ನೂ ಅಲ್ಲೇ ಕುರ್ಚಿ ಮ್ಯಾಲೆ ಕುಂತಿರೂವಾಗನ ಬಂದ್ ಮಾಡಸ್ರಿ. ಕೊನೀ ವಾರದಾಗ ಎರಡ್ ಮೂರ್ ದಿನ ಸಸ್ಪೆಂಡ್, ಡಿಲೀಟ್ ಅಲ್ಲ ಮತ್ತ. ಏನೇನ್ ಮುರೀತೈತೋ ನಿಮ್ಮ ಕಣ್ಣ ಮುಂದ ಮುರೀಲಿ. ಈಗ ನಾ ಎಲ್ಲೇ ಕೆಲಸ ಬಿಟ್ರೂ ಹಿಂಗ ಮಾಡತೀನಿ.

ಪೀಣ್ಯದಿಂದ

ಹುಬ್ಬಳ್ಳಿ ಅಣ್ಣ ಹೇಳಿದ ಮಾತಿಗೆ ನಂದೊಂದು ಸೇರಿಸ್ತೀನಿ. ಮಷಿನ್ ಪಾರ್ಟ್ಸ್ ಮಾಡೋ ಫ್ಯಾಕ್ಟರಿ, ವಿಂಡೋಸ್ ಸರ್ವರ್, ರಾತ್ರಿ 11ಕ್ಕೆ ಬ್ಯಾಕಪ್. ನನಗಿಂತ ಮುಂಚೆ ಇದ್ದ ಸರ್ ಆ ಟಾಸ್ಕನ್ನ ತಮ್ಮ ಸ್ವಂತ ಲಾಗಿನ್ನಲ್ಲಿ ಶೆಡ್ಯೂಲ್ ಮಾಡಿದ್ರು. ಅವ್ರು ಹೋದ್ರು, ನಿಯಮದ ಪ್ರಕಾರ ನಾನೇ ಅವ್ರ ಲಾಗಿನ್ ಡಿಸೇಬಲ್ ಮಾಡ್ದೆ. ಬ್ಯಾಕಪ್ ಫೋಲ್ಡರ್ ತೆಗೆದ್ರೆ ಫೈಲ್‌ಗಳು ಇದ್ವು, ಸರಿ ಇದೆ ಅಂದ್ಕೊಂಡೆ, ತಾರೀಕು ನೋಡಿರ್ಲಿಲ್ಲ. ನಾಲ್ಕು ತಿಂಗಳಾದ್ಮೇಲೆ ಡಿಸ್ಕ್ ಹೋಯ್ತು. ಆಗ ನೋಡಿದ್ರೆ ಕೊನೇ ಫೈಲು ಅವ್ರು ಬಿಟ್ಟ ದಿನದ್ದು. ಸ್ಟೋರ್ಸ್‌ನವ್ರು ನಾಲ್ಕು ತಿಂಗಳ ಚಲನ್ ಪೇಪರ್ ತಂದು ಕೂತು ಒಂದೊಂದಾಗಿ ಮತ್ತೆ ಎಂಟ್ರಿ ಹೊಡೆದ್ರು, ಅದ್ರಲ್ಲಿ ಒಬ್ರಿಗೆ ರಿಟೈರ್ ಆಗೋಕೆ ಎರಡು ವರ್ಷ ಇತ್ತು, ಕನ್ನಡಕ ಒರೆಸ್ಕೊಂಡು ಒರೆಸ್ಕೊಂಡು ಹೊಡೀತಿದ್ರು, ಅದನ್ನ ನೋಡೋಕೆ ನಂಗೆ ಆಗ್ತಿರ್ಲಿಲ್ಲ. ಯಾವುದೇ ತಾನಾಗಿ ಓಡೋ ಕೆಲಸ ಮನುಷ್ಯರ ಲಾಗಿನ್ನಲ್ಲಿ ಇರಬಾರದು ದಯವಿಟ್ಟು, ಅದಕ್ಕೇ ಅಂತ ಒಂದು ಬೇರೆ ಸರ್ವಿಸ್ ಅಕೌಂಟ್ ಮಾಡಿ. ಮತ್ತೆ ಬ್ಯಾಕಪ್ ಇದೆ ಅಂತ ಹೇಳಿ ಹೋಗ್ಬೇಡಿ, ಒಂದು ಫೈಲ್ ವಾಪಸ್ ತೆಗೆದು ತೋರಿಸಿ ಹೋಗಿ.

ಕೇಳಿದವರು

ಇದನ್ನೆಲ್ಲ ಓದಿ ನಿಜವಾಗ್ಲೂ ಎದೆ ಡವಡವ ಅಂತಿದೆ, ಆದ್ರೂ ಎಲ್ರಿಗೂ ಥ್ಯಾಂಕ್ಸ್. ಒಂದು ಡೌಟು. ಸಸ್ಪೆಂಡ್ ಮಾಡಿಸ್ಬೇಕು ಅಂದ್ರೆ ಇನ್ನೊಬ್ರು ಸೂಪರ್ ಅಡ್ಮಿನ್ ಬೇಕಲ್ಲ. ಆ ಹುಡುಗಿ ದಿನಾ ಬಳಸೋ ಮೇಲ್ ಐಡಿಗೇ ಅಡ್ಮಿನ್ ಪವರ್ ಕೊಟ್ಬಿಡ್ಲಾ?

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ (ಊರು ದಾವಣಗೆರೆ)

ಬೇಡ ತಂಗಿ. ದಿನಾ ಸಾವಿರ ಮೇಲ್ ತೆರೆಯೋ ಐಡಿ, ಎಲ್ಲೋ ಒಂದು ಕೆಟ್ಟ ಲಿಂಕ್ ಒತ್ತಿದ್ರೆ 40 ಮೇಲ್ ಐಡಿನೂ ಕೈಬಿಟ್ಟು ಹೋಯ್ತು. ಅಡ್ಮಿನ್ ಕೆಲಸಕ್ಕೆ ಅಂತಾನೇ ಬೇರೆ ಐಡಿ ಮಾಡಿ, ಒಂದಲ್ಲ ಎರಡು, ಒಂದು ಅವಳಿಗೆ ಒಂದು ನಿಮ್ಮ ಸರ್‌ಗೆ. ಇಬ್ಬರಲ್ಲಿ ಒಬ್ರ ಫೋನ್ ಕಳೆದ್ರೂ ಇನ್ನೊಬ್ರು ರೀಸೆಟ್ ಮಾಡ್ಬಹುದು, ಈಗಿನ ಹಾಗೆ ಒಬ್ರೇ ಇದ್ರೆ ಆ ಒಬ್ರಿಗೆ ಏನಾದ್ರೂ ಆದ್ರೆ ಸಂಸ್ಥೆಗೇ ಬೀಗ. ಎರಡಕ್ಕೂ ಟೂ ಸ್ಟೆಪ್ (ಪಾಸ್‌ವರ್ಡ್ ಜೊತೆ ಫೋನಲ್ಲೂ ದೃಢಪಡಿಸೋದು) ಹಾಕಿ, ಫೋನ್ ಇಲ್ಲದಾಗ ಬಳಸೋಕೆ ಬ್ಯಾಕಪ್ ಕೋಡ್ 10 ಕೊಡುತ್ತೆ, ಪ್ರಿಂಟ್ ತೆಗೆದು ಸರ್ ಬೀರುವಲ್ಲಿಡಿ, ಒಂದೊಂದು ಕೋಡ್ ಒಂದೇ ಸಲ ನಡೆಯೋದು ಅಂತ ಅದರ ಮೇಲೇ ಬರೀರಿ.

ಇನ್ನೊಂದು, ಡೊಮೇನು, ಡಿಎಲ್‌ಟಿ, ಟ್ಯಾಲಿ, ಇವಕ್ಕೆಲ್ಲಾ ನಿಮ್ಮ ಮೇಲ್ ತೆಗೆದು ಅವಳ ಮೇಲ್ ಹಾಕಿದ್ರೆ ನಾಳೆ ಅವಳು ಬಿಟ್ಟಾಗ ಇದೇ ಕಥೆ. ವ್ಯಕ್ತಿ ಹೆಸರಿಲ್ಲದ ಒಂದು ಗುಂಪಿನ ವಿಳಾಸ ಮಾಡಿ, ಆ ವಿಳಾಸಕ್ಕೆ ಬಂದಿದ್ದು ಅವಳಿಗೂ ಸರ್‌ಗೂ ಇಬ್ಬರಿಗೂ ಹೋಗ್ಲಿ. ಮೊಬೈಲ್ ನಂಬರೂ ಹಾಗೇ, ಸಂಸ್ಥೆ ಹೆಸರಲ್ಲಿ ಒಂದು ಸಿಮ್ ತಗೊಂಡು ಆಫೀಸಲ್ಲೇ ಇಟ್ಟ ಸಣ್ಣ ಫೋನಿಗೆ ಹಾಕಿ, ರೀಚಾರ್ಜ್ ಮಾತ್ರ ಮರೀಬೇಡಿ. ನಾನು ಕ್ಲೌಡ್ ಕಡೆ ಕೆಲಸ ಮಾಡೋದು, ಅಲ್ಲಿ ಎಡಬ್ಲ್ಯೂಎಸ್‌ನ (ಅಮೆಜಾನ್ ಕ್ಲೌಡ್) ರೂಟ್ ಅಕೌಂಟು, ಅಂದ್ರೆ ಎಲ್ಲಕ್ಕೂ ಮೇಲಿನ ಖಾತೆ, ಬಿಟ್ಟು ಹೋದವ್ರ ಮೇಲ್‌ಗೆ ಕಟ್ಟಿಹಾಕಿದ ಹಾಗೆ ಇರೋದನ್ನ ನೋಡಿದೀನಿ, ಮೇಲ್ ಡಿಲೀಟ್, ಎಮ್‌ಎಫ್‌ಎ, ಅಂದ್ರೆ ಟೂ ಸ್ಟೆಪ್ ಕೋಡ್, ಅವ್ರ ಫೋನಲ್ಲಿ, ವಾಪಸ್ ಪಡೆಯೋಕೆ ಮೂರು ವಾರ ಪತ್ರ ವ್ಯವಹಾರ. ಈಗ ಒಂದು ರೂಟ್‌ಗೆ 8 ಎಮ್‌ಎಫ್‌ಎ ಸಾಧನದವರೆಗೂ ಸೇರಿಸ್ಬಹುದು, ಅದನ್ನ ಬಳಸ್ಕೊಳ್ಳಿ ಅಂತ ಇದನ್ನ ಓದ್ತಿರೋ ಬೇರೆಯವ್ರಿಗೆ ಹೇಳ್ತೀನಿ.

ಶಿವಮೊಗ್ಗದಿಂದ

ಎಲ್ರೂ ಬಿಟ್ಟು ಹೋಗೋರ ಕಡೆಯಿಂದ ಹೇಳಿದ್ರಿ. ನಾನು ಆ ಹುಡುಗಿ ಜಾಗದಲ್ಲಿದ್ದೋಳು. ನನಗೆ ಹಿಂದಿನವ್ರು 38 ಪುಟದ ಡಾಕ್ಯುಮೆಂಟ್ ಕೊಟ್ರು, ಕೆಟಿ, ಅಂದ್ರೆ ಕೆಲಸ ಹೇಳಿಕೊಡೋದು, ಅಂತ ಎರಡು ದಿನ ಕೂರಿಸ್ಕೊಂಡು ಪಟಪಟ ಅಂತ ಕ್ಲಿಕ್ ಮಾಡಿ ತೋರಿಸಿದ್ರು, ಅರ್ಥ ಆಯ್ತಾ ಅಂದ್ರು, ಹೂಂ ಅಂದೆ. ಏನೂ ಅರ್ಥ ಆಗಿರ್ಲಿಲ್ಲ. ಕೇಳೋಕೆ ನಾಚಿಕೆ. ಆಮೇಲೆ ಮೊದಲ ಸಲ ಒಬ್ರ ಪಾಸ್‌ವರ್ಡ್ ರೀಸೆಟ್ ಮಾಡೋವಾಗ ಕೈ ನಡುಗಿ ಅರ್ಧ ಗಂಟೆ ಸುಮ್ನೆ ಸ್ಕ್ರೀನ್ ನೋಡ್ತಾ ಕೂತಿದ್ದೆ.

ಹಾಗಾಗಿ ಅಕ್ಕ, ಇವತ್ತಿಂದಲೇ ಮೌಸ್ ಅವಳ ಕೈಗೆ ಕೊಡಿ. ಹೊಸ ಟೀಚರ್ ಸೇರಿದ್ರೆ ಐಡಿ ಅವಳೇ ಮಾಡ್ಲಿ, ಎಸ್ಸೆಮ್ಮೆಸ್ ಟೆಂಪ್ಲೇಟ್ ಅವಳೇ ಹಾಕ್ಲಿ, ರಿಜೆಕ್ಟ್ ಆಗಿ ವಾಪಸ್ ಬಂದ್ರೂ ಆಗ್ಲಿ, ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿರಿ, ಅದೇ ಕಷ್ಟದ ಕೆಲಸ. ಬರೆಯೋದೂ ಅವಳೇ ಬರೀಲಿ, ಅವಳ ಮಾತಲ್ಲಿ. ನಂಗೆ ಕೊನೆಗೆ ಉಪಯೋಗಕ್ಕೆ ಬಂದಿದ್ದು ಆ 38 ಪುಟ ಅಲ್ಲ, ಗೋಡೆಗೆ ಅಂಟಿಸಿದ್ದ ಒಂದೇ ಹಾಳೆ, ಯಾವ ತಿಂಗಳು ಯಾವುದು ರಿನ್ಯೂ ಆಗ್ಬೇಕು, ಏನು ನಿಂತ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ.

ಬೆಂಗಳೂರಿಂದ

ರಿಲೀವ್ ಆದ್ಮೇಲಿನ ವಿಷಯ ಯಾರೂ ಹೇಳಿಲ್ಲ. ಬಿಟ್ಟ ಮೇಲೆ ಫೋನ್ ಮಾಡಿ "ಒಂದ್ಸಲ ಲಾಗಿನ್ ಆಗಿ ಸರಿ ಮಾಡ್ಬಿಡಮ್ಮ" ಅಂತಾರೆ, ಪ್ರೀತಿಯಿಂದಲೇ. ಆಗ್ಬೇಡಿ. ಅನುಮತಿ ಇಲ್ಲದೆ ಬೇರೆಯವ್ರ ಸಿಸ್ಟಮ್ ಒಳಗೆ ಹೋಗೋದು ಐಟಿ ಕಾಯ್ದೆ 2000ರ ಸೆಕ್ಷನ್ 43ರಲ್ಲಿ ಬರುತ್ತೆ, ದುರುದ್ದೇಶ ಇತ್ತು ಅಂತಾದ್ರೆ 66ರಲ್ಲಿ ಮೂರು ವರ್ಷದವರೆಗೂ ಜೈಲು. ಬಾಯಿಮಾತಲ್ಲಿ ಕೊಟ್ಟ ಅನುಮತಿ ನಾಳೆ ಯಾರಿಗೂ ನೆನಪಿರಲ್ಲ. ಸಹಾಯ ಮಾಡ್ಬೇಡಿ ಅಂತಲ್ಲ, ಫೋನಲ್ಲಿ ಎಷ್ಟು ಬೇಕಾದ್ರೂ ಹೇಳ್ಕೊಡಿ, ಒತ್ತೋ ಬೆರಳು ಮಾತ್ರ ಅವ್ರದ್ದಿರ್ಲಿ. ಕೊನೇ ದಿನ ಸರ್‌ಗೆ ಒಂದು ಮೇಲ್ ಹಾಕಿ, ಇಂತಿಂಥಾ ಅಕೌಂಟ್‌ಗಳಿಂದ ನನ್ನ ಹೆಸರು, ನಂಬರ್ ತೆಗೆದಿದೆ, ನನ್ನ ಹತ್ರ ಯಾವ ಪಾಸ್‌ವರ್ಡೂ ಇಲ್ಲ ಅಂತ, ಅವ್ರಿಂದ "ಸರಿ" ಅಂತ ಒಂದು ಉತ್ತರ ತಗೊಳ್ಳಿ. ಒಂದು ಕಾಪಿ ಸ್ವಂತ ಮೇಲ್‌ಗೆ ಇರ್ಲಿ, ಅದರಲ್ಲಿ ಪಾಸ್‌ವರ್ಡ್ ಏನೂ ಇಲ್ವಲ್ಲ.

ಕೇಳಿದವರು, 22 ದಿನದ ನಂತರ

ಏನಾಯ್ತು ಅಂತ ಹೇಳೋಣ ಅಂತ ಬಂದೆ. ನೀವೆಲ್ಲಾ ಹೇಳಿದ ಹಾಗೆ ಎರಡು ಅಡ್ಮಿನ್ ಐಡಿ ಆಯ್ತು, ಆಫೀಸ್ ಸಿಮ್ ಬಂತು, ಡಿಎಲ್‌ಟಿ ನಂಬರ್ ಬದಲಾಯ್ತು. ಮೊನ್ನೆ ಮಂಗಳವಾರ ಬೆಳಿಗ್ಗೆ ಅವಳ ಕೈಯಿಂದಾನೇ ನನ್ನ ಅಡ್ಮಿನ್ ಪವರ್ ತೆಗೆಸಿ ನನ್ನ ಐಡಿ ಸಸ್ಪೆಂಡ್ ಮಾಡಿಸ್ದೆ. ಅವಳು ಮೂರು ಸಲ ಕೇಳಿದ್ಲು, ಒತ್ಲಾ ಅಕ್ಕ, ನಿಜವಾಗ್ಲೂ ಒತ್ಲಾ ಅಂತ.

ಮಧ್ಯಾಹ್ನದವರೆಗೂ ಏನೂ ಇಲ್ಲ. ಮೂರು ಗಂಟೆಗೆ ಒಬ್ರು ಪೇರೆಂಟ್ ಫೋನ್ ಮಾಡಿ ವೆಬ್‌ಸೈಟಲ್ಲಿ ಫಾರ್ಮ್ ತುಂಬಿದೀನಿ ಯಾರೂ ಕಾಲ್ ಮಾಡ್ಲಿಲ್ಲ ಅಂದ್ರು. ನೋಡಿದ್ರೆ ಅಡ್ಮಿಷನ್ ಎನ್‌ಕ್ವೈರಿ ಫಾರ್ಮ್ ಮೇಲ್ ಕಳಿಸ್ತಿದ್ದಿದ್ದು ನನ್ನ ಐಡಿಯ ಆ್ಯಪ್ ಪಾಸ್‌ವರ್ಡಿಂದ (ಬೇರೆ ಪ್ರೋಗ್ರಾಂ ನನ್ನ ಮೇಲ್ ಬಳಸೋಕೆ ಕೊಡೋ ಪ್ರತ್ಯೇಕ ಪಾಸ್‌ವರ್ಡ್)! 2021ರಲ್ಲಿ ವೆಬ್‌ಸೈಟ್ ಮಾಡಿದ ಹುಡುಗ ಕೇಳಿದ್ದ, ಕೊಟ್ಟಿದ್ದೆ, ಪೂರ್ತಿ ಮರ್ತುಹೋಗಿತ್ತು, ಯಾವ ಶೀಟಲ್ಲೂ ಇರ್ಲಿಲ್ಲ. ಆ ಹುಡುಗನ್ನ ಹಿಡಿದು ಬೇರೆ ಐಡಿಗೆ ಹಾಕಿಸ್ದೆ, ಸಂಜೆ ಹೊತ್ತಿಗೆ ಟೆಸ್ಟ್ ಮೇಲ್ ಬಂತು. ನಾನು ಹೋದ್ಮೇಲೆ ಇದಾಗಿದ್ರೆ ಅಡ್ಮಿಷನ್ ಸೀಸನ್ ಪೂರ್ತಿ ಎನ್‌ಕ್ವೈರಿನೇ ಬರ್ತಿಲ್ಲ ಅಂತ ಸರ್ ಅಂದ್ಕೊಂಡಿರ್ತಿದ್ರು. ಹುಬ್ಬಳ್ಳಿ ಅಣ್ಣನಿಗೆ ಕೈ ಮುಗೀತೀನಿ.

ಐಡಿ ಇನ್ನೂ ಸಸ್ಪೆಂಡಲ್ಲೇ ಇದೆ, ಅದಕ್ಕೆ ಬರೋ ಮೇಲ್ ವಾಪಸ್ ಹೋಗುತ್ತೆ ಅಂತ ಎಲ್ಲಾ ವೆಂಡರ್‌ಗಳಿಗೂ ಹೊಸ ವಿಳಾಸ ಮೊದ್ಲೇ ತಿಳಿಸಿದೀವಿ. ಡ್ರೈವ್ ಫೈಲ್ ಅವಳ ಹೆಸರಿಗೆ ವರ್ಗ ಮಾಡಿ ಆದ್ಮೇಲೇ ಡಿಲೀಟ್ ಅಂತ ಗೋಡೆ ಹಾಳೆಯಲ್ಲಿ ಅವಳೇ ಬರೆದಿದಾಳೆ. ಟ್ಯಾಲಿ ಡೇಟಾಗೆ ಬೀಗ ಹಾಕೋ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಕಳೆದ್ರೆ ಡೇಟಾ ತೆಗೆಯೋಕೆ ಬೇರೆ ದಾರಿಯೇ ಇಲ್ಲ ಅಂತ ಸರ್‌ಗೆ ಹೇಳ್ದೆ, ಅವ್ರು ಹೊಸದನ್ನ ತಾವೇ ಯೋಚಿಸಿ ನನಗೂ ತೋರಿಸ್ದೆ ಬರೆದು, ಕವರಿಗೆ ಗೋಂದು ಹಚ್ಚಿ, ಮೇಲೆ ಸಹಿ ಹಾಕಿ ಬೀರುವಲ್ಲಿಟ್ರು. ಇನ್ನು ನಾಲ್ಕು ದಿನ ಇದೆ, ಮಾಡೋಕೆ ಕೆಲಸ ಇಲ್ಲ, ಅವಳು ಕೆಲಸ ಮಾಡೋದನ್ನ ಪಕ್ಕದಲ್ಲಿ ಕೂತು ನೋಡ್ತಿದೀನಿ.