ಫ್ರೀಜರ್ ಹಿಟ್ಟಿನ ಡಿನ್ನರ್ ರೋಲ್ ಒಳಗೆ ಗಂಟು ಗಂಟು, ಯಾರಾದ್ರೂ ಹೇಳಿ

ಡೊಂಬಿವಲಿ_ಬೆಣ್ಣೆ: ಸಾಕಾಗಿ ಹೋಯ್ತು. ಫ್ರೀಜರ್‌ನಿಂದ ಉಂಡೆಗಳನ್ನು ತೆಗೆದು ಉಬ್ಬಲು ಬಿಡುತ್ತೇನೆ, ಆಮೇಲೆ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಕರೆಂಟ್ ಓವನ್) 180 ಡಿಗ್ರಿಗೆ ಬೇಯಿಸುತ್ತೇನೆ. ಮೇಲೆ ಬಣ್ಣ ಚೆನ್ನಾಗಿ ಬರುತ್ತೆ. ಮುರಿದರೆ ನಡುವೆ ಅಂಟಂಟು ಬಿಳಿ ಗಂಟು. ಮಕ್ಕಳು ಅಂಚು ಕಿತ್ತು ಸೂಪಿನಲ್ಲಿ ಅದ್ದಿ ತಿಂದು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟರು. ಎಲ್ಲಿ ಕೆಡ್ತಿದೆ?

ಪುಣೆ_ಓವನ್: ಈಸ್ಟ್ ಸತ್ತಿದೆ. ಫ್ರಾಸ್ಟ್ ಫ್ರೀ ಫ್ರಿಜ್ಜಾ? ಅದು ಮಂಜು ಕರಗಿಸಲು ಆಗಾಗ ಬಿಸಿಯಾಗುತ್ತೆ. ಹಿಟ್ಟಿಗೆ ಅದೇ ಏಟು.

ಡೊಂಬಿವಲಿ_ಬೆಣ್ಣೆ: ಫ್ರಾಸ್ಟ್ ಫ್ರೀನೇ. ಆದರೆ ಅದೇ ಈಸ್ಟಿನಲ್ಲಿ ತಾಜಾ ಹಿಟ್ಟು ಚೆನ್ನಾಗಿ ಉಬ್ಬುತ್ತೆ.

ಪುಣೆ_ಓವನ್: ತಾಜಾ ಲೆಕ್ಕ ಬೇರೆ ಮೇಡಂ. ಹೆಪ್ಪುಗಟ್ಟುವಾಗ ಒಂದಷ್ಟು ಈಸ್ಟ್ ಸಾಯುತ್ತೆ. ಸತ್ತದ್ದರಿಂದ ಗ್ಲುಟಾಥಯೋನ್ ಅನ್ನೋ ರಾಸಾಯನಿಕ ಸೋರಿ ಹಿಟ್ಟಿನ ಬಿಗಿ ಹೋಗುತ್ತೆ. ಅದಕ್ಕೇ ಫ್ರೀಜ್ ಮಾಡುವ ಹಿಟ್ಟಿಗೆ ಈಸ್ಟ್ ಸ್ವಲ್ಪ ಜಾಸ್ತಿ ಹಾಕಬೇಕು.

ಮಾಟುಂಗಾ_ಕಾಫಿ: ಇಷ್ಟೆಲ್ಲಾ ಯಾಕ್ರೀ? ಕೆಳಗಿಳಿದರೆ ಬೇಕರಿಯಲ್ಲಿ ಬಿಸಿ ಲಾದಿ ಪಾವ್ ಸಿಗುತ್ತೆ.

ಡೊಂಬಿವಲಿ_ಬೆಣ್ಣೆ: ಪಾವ್ ಬೇಕಿದ್ರೆ ಪಾವೇ ತರ್ತಿದ್ದೆ. ಇದಕ್ಕೆ ಹಾಲು, ಬೆಣ್ಣೆ ಹಾಕಿದ್ದೀನಿ.

ವಾಸ್ಕೋ_ಪಾವ್: ಈಸ್ಟ್ ಪೂರ್ತಿ ಸತ್ತಿದ್ದರೆ ಅಂಚೂ ಕಲ್ಲಾಗಬೇಕಿತ್ತಲ್ವಾ? ಅಕ್ಕ, ಉಂಡೆ ಎಷ್ಟು ದೊಡ್ಡದು? ಕರಗಲು ಎಲ್ಲಿಡ್ತೀರಿ?

ಡೊಂಬಿವಲಿ_ಬೆಣ್ಣೆ: ಕಿತ್ತಳೆಯಷ್ಟಿದೆ. ಓಟಿಜಿಯನ್ನು 60ಕ್ಕೆ ಇಟ್ಟು ಸೀದಾ ಒಳಗೆ, ಒಂದು ಗಂಟೆ. ಎಲ್ಲರೂ ಹಾಗೇ ಮಾಡೋದಲ್ವಾ?

ವಾಸ್ಕೋ_ಪಾವ್: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಹೊರಗೆ ಬಿಸಿಯಾಗಿ ಉಬ್ಬುತ್ತೆ, ಒಣಗುತ್ತೆ. ನಡು ಇನ್ನೂ ಮಂಜುಗಡ್ಡೆ. ಅಷ್ಟು ತಣ್ಣಗಿದ್ದರೆ ಈಸ್ಟ್ ಕೆಲಸವೇ ಮಾಡಲ್ಲ. ಇನ್ನೂ ಹೊತ್ತು ಬಿಟ್ಟು ಹಿಟ್ಟೇ 60ಕ್ಕೆ ಹತ್ತಿರ ಹೋದರೆ ಈಸ್ಟ್ ಸಾಯುತ್ತೆ.

ಟ್ರೇಗೆ ಎಣ್ಣೆ ಸವರಿ ಉಂಡೆ ಜೋಡಿಸಿ, ಮುಚ್ಚಿ, ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಬೆಳಿಗ್ಗೆ ಹೊರಗೆ ತೆಗೆದು ಒದ್ದೆ ಬಟ್ಟೆ ಹೊದಿಸಿ. ನಮ್ಮ ಕಡೆ ಸೆಖೆಗೆ ಬೇರೆ ಬಿಸಿ ಬೇಡ, ಎಸಿ ರೂಮಲ್ಲಿ ಮಾತ್ರ ಇಡಬೇಡಿ. ಗಡಿಯಾರ ನೋಡಬೇಡಿ, ಉಂಡೆ ನೋಡಿ. ಎರಡರಷ್ಟಾಗಬೇಕು. ಬೆರಳು ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು. ತಟ್ಟನೆ ಬಂದರೆ ಇನ್ನೂ ಕಾಯಿರಿ. ಮುಂದಿನ ಸಲ ಉಂಡೆ 40 ಗ್ರಾಂ ಸಾಕು. 180ಕ್ಕೆ 18-20 ನಿಮಿಷ, ನಡುವೆ 90 ಡಿಗ್ರಿ ತೋರಿಸಿದರೆ ಬೆಂದಿದೆ.

ಪುಣೆ_ಓವನ್: ಅದೂ ಇರಬಹುದು. ಆದ್ರೂ ಫ್ರೀಜರ್‌ಗೆ ಒಂದು ಥರ್ಮಾಮೀಟರ್ ಹಾಕಿ, −18 ಇದೆಯಾ ನೋಡಿ. ನನ್ನದು ಬೇರೆ ಡೀಪ್ ಫ್ರೀಜರ್, ಉಷ್ಣತೆ ಅಲುಗಾಡಲ್ಲ. 60 ಲೀಟರ್ ಓಟಿಜಿ, ಒಳಗೆ ಬೇಕಿಂಗ್ ಸ್ಟೋನ್ (ಬಿಸಿ ಹಿಡಿದಿಡುವ ಕಲ್ಲಿನ ಹಲಗೆ).

ವಾಸ್ಕೋ_ಪಾವ್: ಸ್ಟೋನ್ ಇಟ್ಕೊಳ್ಳಿ ಸರ್. ನಮ್ಮ ಗೋವಾದಲ್ಲಿ ಪೊದೇರ್ (ಬ್ರೆಡ್ ಮಾರುವವ) ಸೈಕಲ್ ಹಾರ್ನ್ ಹೊಡೆದರೆ ಸಾಕು, ಪೊಯ್ ಅನ್ನೋ ಬ್ರೆಡ್ ಬಾಗಿಲಿಗೇ ಬರುತ್ತೆ. ಹಿಂದೆ ಹಿಟ್ಟು ಹುಳಿ ಬರಿಸಲು ತೆಂಗಿನ ಕಳ್ಳು ಹಾಕ್ತಿದ್ದರು.

ಮಾಟುಂಗಾ_ಕಾಫಿ: ನಾನು ಪಾವ್ ಅಂದರೆ ಬೈಸ್ಕೊಂಡೆ, ಇವರು ಪೊಯ್ ಅಂದರೆ ಎಲ್ಲ ಸುಮ್ನೆ!

ಡೊಂಬಿವಲಿ_ಬೆಣ್ಣೆ: ರಾತ್ರಿ ಫ್ರಿಜ್ಜಲ್ಲಿಟ್ಟೆ. ಗಂಟು ಹೋಯ್ತು, ಎಳೆ ಎಳೆಯಾಗಿ ಬಿಡ್ತಿದೆ! ಆದರೆ ತಳ ಬಿಳಿಚಿಕೊಂಡಿದೆ.

ಪುಣೆ_ಓವನ್: ಬೇಕಿಂಗ್ ಸ್ಟೋನ್.

ವಾಸ್ಕೋ_ಪಾವ್: ಗಾಜಿನ ಟ್ರೇಯಾದರೆ ಬಿಡಿ, ತೆಳು ಅಲ್ಯೂಮಿನಿಯಂ ತಗೊಳ್ಳಿ. ಓಟಿಜಿ ಚೆನ್ನಾಗಿ ಕಾದ ಮೇಲೆ ಒಂದು ಹಂತ ಕೆಳಗಿಡಿ, ಕೆಳಗಿನ ರಾಡ್ ಆನ್ ಇರಲಿ. ಟ್ರೇ ಕ್ರಾಫರ್ಡ್ ಮಾರ್ಕೆಟ್ಟಲ್ಲಿ ಸಿಗುತ್ತೆ.

ಮಾಟುಂಗಾ_ಕಾಫಿ: ನನ್ನ ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಕೆಳಗೆ ರಾಡೇ ಇಲ್ಲ. ಅದಕ್ಕೇನು ಮಾಡೋದು?